ತಂಗಿಗೊಂದು ಎಲೆ

ಮೊನ್ನೆ ದುಬೈಯ ಅಲ್ ಬರ್ಷಾದ ಸೂಪರ್‌ಮಾರ್ಕೆಟಿನಲ್ಲಿ ಹುರಿದ ಬಾರ್ಲಿ ಚಹಾದ ಪೊಟ್ಟಣವೊಂದು ಒಡೆದು ಬಿದ್ದಿತ್ತು. ಕುಚ್ಚಲಕ್ಕಿ ಹುರಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಎದುರು ಫ್ಲ್ಯಾಟಿನಲ್ಲಿದ್ದ ಜಪಾನಿ ಅಕ್ಕನ ಮನೆಯ ವಾಸನೆ ಅದು.

ಅವರ ಗಂಡ ಮೆಟ್ರೋ ಕೆಲಸಕ್ಕೆ ಬಂದವರು. ಅಕ್ಕನ ಊರು ಸೆಂಡಾಯ್. ಊರಿನ ಸುದ್ದಿ ತೆಗೆದರೆ ಮುಗಿಯಿತು, ನನ್ನ ಅನ್ನ ತಳ ಹಿಡಿಯುವವರೆಗೂ ನಿಲ್ಲಿಸುತ್ತಿರಲಿಲ್ಲ. ಗುಡ್ಡದ ಮೇಲಿನ ಕೋಟೆಯಲ್ಲಿ ಈಗ ಉಳಿದಿರುವುದು ಕಲ್ಲಿನ ಗೋಡೆ ಮಾತ್ರವಂತೆ. ಆದರೆ ಅಲ್ಲಿ ಆಳಿದ ದೊರೆ ತನ್ನ ಸಮುರಾಯ್‌ಗಳಿಗೆಲ್ಲ ಮನೆಯ ಸುತ್ತ ಮರ ನೆಡಲು ಹೇಳಿದ್ದನಂತೆ. ಆ ಅಭ್ಯಾಸ ಊರನ್ನು ಬಿಡಲಿಲ್ಲ. ಯುದ್ಧದಲ್ಲಿ ಸುಟ್ಟುಹೋದ ಮೇಲೂ ಮತ್ತೆ ನೆಟ್ಟರು. ಈಗ ಆಫೀಸುಗಳ ನಡುವಿನ ರಸ್ತೆಯಲ್ಲೂ ತಲೆಯ ಮೇಲೆ ಬರೀ ಹಸುರು ಎನ್ನುತ್ತಿದ್ದರು. ಸಮುದ್ರದ ಕಡೆಯ ಗದ್ದೆಗಳ ನಡುವೆ ಅವರ ತವರುಮನೆಗೂ ಅಂಥದೇ ತೋಪು. ಅಲ್ಲಿ ಇದ್ದವಳು ತಂಗಿ.

ಭೂಕಂಪದ ವರ್ಷ ಸಮುದ್ರ ಆ ಗದ್ದೆಗಳಿಗೆ ನುಗ್ಗಿತು... ಅಕ್ಕ ಹೋಗಿ ಹುಡುಕಿ ಬಂದರು. “ಮರಗಳು ನಿಂತಿವೆ,” ಎಂದರು. ತಂಗಿ ಸಿಕ್ಕಿರಲಿಲ್ಲ. ಸಿಗದವಳನ್ನು ಸತ್ತಳು ಎನ್ನಲು ಅವರು ತಯಾರಿರಲಿಲ್ಲ. ಸಂಜೆ ತಂಗಿಗೂ ಸೇರಿಸಿ ಎರಡು ಲೋಟ ಚಹಾ ಸೋಸುತ್ತಿದ್ದರು. ಲಿಫ್ಟಿನ ಸದ್ದಾದರೆ ಬಾಗಿಲು ತೆರೆಯುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗುತ್ತಿತ್ತು.

ಆಟಿಯ ಹೊತ್ತಿಗೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದು, ಅವರು ಉಂಡೇಳುವವರೆಗೆ ಹೊರಗೆ ಕಾಯುವುದು ನಮ್ಮ ಕ್ರಮ. ಅಕ್ಕನಿಗೂ ಇದನ್ನು ವಿವರಿಸಿದ್ದೆ. ದುಬೈಯಾದರೇನು, ಅತ್ತೆ ಬೆಡ್‌ರೂಮನ್ನೇ ಖಾಲಿ ಮಾಡಿಸಿದರು. “ಏಸಿ ಇರಲಿ ಮಾರಾಯ್ತಿ, ಅವರಿಗೂ ಸೆಕೆ ಉಂಟು,” ಎಂದರು. ಮಾವನ ಎಲೆಗೆ ಕೋಳಿ ಸಾರು, ರೊಟ್ಟಿ ಬಡಿಸಿ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು. “ಎದುರುಮನೆಯ ತಂಗಿಗೆ. ಪಾಪ, ಅವಳಿಗೆ ಬಡಿಸುವವರು ಯಾರುಂಟು?”

ನಾನು ಬೇಡವೆನ್ನುವಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದರು. ಎರಡನೆಯ ಎಲೆ ಯಾರಿಗೆಂದು ಕೇಳಿದರು. ಅತ್ತೆ ಅವರ ಕೈ ಹಿಡಿದು, “ಯುವರ್ ಸಿಸ್ಟರ್,” ಎಂದರು. ಅವರು ಕಾಯುತ್ತಿದ್ದವಳನ್ನು ನಾವು ಸತ್ತವರ ಸಾಲಿನಲ್ಲಿ ಕೂರಿಸಿದ್ದೆವು.

ಅಕ್ಕ ಬಾಗಿ ಮಾವನ ಎಲೆಯ ಕೋಳಿ ಸಾರನ್ನು ನೋಡಿದರು. ಆಮೇಲೆ ಮೆಲ್ಲಗೆ, “ಅವಳಿಗೆ ಖಾರ ಆಗುವುದಿಲ್ಲ,” ಎಂದರು.

ಮನೆಗೆ ಹೋಗಿ ಬಿಳಿ ಅನ್ನ ತಂದು ತಾವೇ ಬಡಿಸಿದರು. ಬಾಗಿಲೆಳೆದು ಮೂವರೂ ಹೊರಗೆ ನಿಂತೆವು. ಒಳಗೆ ಏನೋ ಸರಿದಾಡಿದ ಸದ್ದಾಯಿತು... ಏಸಿಯ ಗಾಳಿಗೆ ಎಲೆ ಅಲುಗಿದ್ದಿರಬೇಕು. ಅಕ್ಕ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮರುವರ್ಷ ಅವರು ಊರಿಗೆ ಮರಳಿದರು. ತೋಪಿನ ಮರಗಳು ಉಪ್ಪುನೀರಿಗೆ ಒಣಗಿದ್ದವು. ಸಸಿ ನೆಟ್ಟೆನೆಂದು ಫೋಟೋ ಕಳಿಸುತ್ತಿದ್ದರು. ಈಗ ಬಹಳ ಕಾಲದಿಂದ ನನ್ನ ಮೆಸೇಜು ತಲುಪುತ್ತಲೇ ಇಲ್ಲ. ಯಾರನ್ನು ಕೇಳಲಿ? ಅವರ ಗಂಡನ ನಂಬರ್ ನನ್ನಲ್ಲಿಲ್ಲ, ಅವರಿಗೆ ಮಕ್ಕಳೂ ಇಲ್ಲ.

ನಿನ್ನೆ ಊರಿನಿಂದ ಅತ್ತೆಯ ಫೋನ್. ಮತ್ತೆ ಆಟಿ ಬಂತಲ್ಲ. “ಆ ಅಕ್ಕನಿಗೂ ಒಂದು ಎಲೆ ಹಾಕುವುದಾ?” ಎಂದು ಕೇಳಿದರು.

“ಬೇಡ ಅತ್ತೆ,” ಎಂದೆ. “ಅವರ ಫೋನ್ ಬರಲಿಕ್ಕುಂಟು.”