ಅಜವಾನದ ಎಣ್ಣೆಯೊಂದಿಗೆ ಲಿಂಗಸುಗೂರಿಗೆ

ಸಿಂಧನೂರಿನಿಂದ ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದೆ. ಚೀಲದಲ್ಲಿ ಎರಡು ಗಾಜಿನ ಸೀಸೆಗಳಿದ್ದವು. ಒಂದರಲ್ಲಿ ಅಜವಾನ, ಅಂದರೆ ಓಂ ಕಾಳಿನಿಂದ ಬಟ್ಟಿ ಇಳಿಸಿದ ಖಡಕ್ ಎಣ್ಣೆ, ಇನ್ನೊಂದರಲ್ಲಿ ಅದನ್ನೇ ಕುಸುಬಿ ಎಣ್ಣೆಯಲ್ಲಿ ಬೆರೆಸಿದ್ದು. ಖಡಕ್ ಎಣ್ಣೆ ಚರ್ಮ ಸುಡುತ್ತದೆ. ಹಾಗಾಗಿ ನಮ್ಮ ಅತ್ತರಿನ ಅಂಗಡಿಯಲ್ಲಿ ಹುಣ್ಣಿಗೆ ಕೊಡುವುದು ಬೆರೆಸಿದ್ದನ್ನೇ. ಮಾವನ ಕಾಲದಿಂದ ಬಂದ ರೂಢಿ.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆಯಿತ್ತು. ಕಾಲ್ಬೆರಳಿನ ಹುಣ್ಣಿಗೆ ಅವರೂ ಅದನ್ನೇ ಹಚ್ಚಿಕೊಂಡರು. ವಾಸನೆ ಹೋಯಿತು, ಉರಿ ತಗ್ಗಿತು, ಗುಣವಾಗುತ್ತಿದೆ ಎಂದುಕೊಂಡೆವು. ದವಾಖಾನೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ರಂಜಾನಿಗೆ ಮೊದಲು ತೀರಿಕೊಂಡರು. ಗಿರಾಕಿಗಳು ಈಗಲೂ ಆ ಎಣ್ಣೆ ಕೇಳಿಕೊಂಡು ಬರುತ್ತಾರೆ. ಕೊಡಬೇಕೋ ಬೇಡವೋ, ತಿಳಿದುಕೊಂಡೇ ಮರಳಬೇಕೆಂದು ಹೊರಟಿದ್ದೆ.

ಕಾಲುವೆಯ ನೆಲ್ಲುಗದ್ದೆಗಳು ಹಿಂದುಳಿದು ಮಸ್ಕಿ ಬಂತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದು ಕುಳಿತೆ. ಪಕ್ಕದ ಹೆಂಗಸು ಮೂಗು ಅರಳಿಸಿದಳು. "ಯಕ್ಕಾ, ಅಜವಾನ ಐತೇನ್ರೀ ಚೀಲದಾಗ? ನಮ್ಮತ್ತಿನ ಬಂದು ಬಾಜೂಕ ಕುಂತಂಗಾತು ನೋಡ್ರಿ. ಹೊಟ್ಟಿನೋವು ಅಂದ್ರ ಸಾಕು, ಮುಷ್ಟಿಗಟ್ಟಲೆ ತಿನ್ಸಾಕಿ!" ಬಹಳ ದಿನದ ಮೇಲೆ ನಕ್ಕೆ.

ನಮ್ಮ ಓಣಿಯಲ್ಲೇ ಬೆಳೆದ ರೇಣುಕಾ ಲಿಂಗಸುಗೂರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಾಳೆ. ಬಸ್ಸಿಳಿದು ನೇರ ಅಲ್ಲಿಗೆ ಹೋಗಿ ಎರಡೂ ಸೀಸೆಗಳನ್ನು ಅವಳ ಮುಂದಿಟ್ಟೆ. "ಇದರಾಗ ಥೈಮಾಲ್ ಅನ್ನೋದು ಬಾಳ ಐತ್ರಿ ಅಕ್ಕಾ. ಕ್ರಿಮಿಯ ಮೈಪೊರಿ ಹರಿದು ಹಾಕ್ತೈತಿ," ಎಂದಳು. ಕೀವಿನ ಕ್ರಿಮಿ ಹರಡಿದ ಗಾಜಿನ ತಟ್ಟೆಯಲ್ಲಿ, ಎರಡೂ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟಳು. ಕ್ರಿಮಿ ಬೆಳೆಯಲು ರಾತ್ರಿ ಕಳೆಯಬೇಕಿತ್ತು. ನಾನು ಅದೇ ಊರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದೆ.

ಮರುದಿನ ಖಡಕ್ ಎಣ್ಣೆಯ ಬಿಲ್ಲೆಯ ಸುತ್ತ ತಟ್ಟೆ ಸ್ವಚ್ಛವಾಗಿತ್ತು. ಬೆರೆಸಿದ್ದರ ಅಂಚಿನವರೆಗೂ ಕ್ರಿಮಿ ಮುತ್ತಿತ್ತು.

"ಎಣ್ಣಿ ಒಂದ. ಮತ್ಯಾಕ ಹಿಂಗ?"

"ಥೈಮಾಲ್ ನೀರಿಗಿಂತ ಎಣ್ಣ್ಯಾಗ ಬಾಳ ಕರಗ್ತೈತ್ರಿ. ಕುಸುಬಿ ಎಣ್ಣಿ ಬಿಟ್ಟು ಹೊರಗ ಬರಂಗಿಲ್ಲ, ಕ್ರಿಮಿ ಮುಟ್ಟಂಗಿಲ್ಲ."

"ಹಂಗಾರ ಖಡಕ್ ಎಣ್ಣಿ ಹಚ್ಚಿದ್ರ ಅವ್ರು ಉಳೀತಿದ್ರೇನು?"

ರೇಣುಕಾ ನನ್ನ ಕೈ ಹಿಡಿದಳು. "ಇಲ್ಲಕ್ಕಾ. ಚರ್ಮ ಸುಡತಿತ್ತು ಅಷ್ಟ. ತಟ್ಟ್ಯಾಗ ಕೊಂದಂಗ ಕಾಲೊಳಗ ಕೊಲ್ಲಾಕ ಆಗಂಗಿಲ್ಲ. ಎಲುಬಿನ ತನಕ ಇಳಿದ ಕೀವಿಗೆ ಹಚ್ಚೋ ಎಣ್ಣಿ ಹೆಂಗ ಮುಟ್ಟಬೇಕು?"

ಮಧ್ಯಾಹ್ನದ ಬಸ್ಸಿಗೆ ಮರಳಿದೆ. ಮಸ್ಕಿಯಲ್ಲಿ ಪಾದಕ್ಕೆ ಬಟ್ಟೆ ಸುತ್ತಿಕೊಂಡ ಮುದುಕರೊಬ್ಬರು ಹತ್ತಿದರು. ನಮ್ಮ ಹಳೆಯ ಗಿರಾಕಿ. "ಅತ್ತರ ಅಂಗಡಿ ಬೀಬಿ ಅಲ್ರೀ? ನಿಮ್ಮ ಕಡೀನ ಹೊಂಟಿದ್ದೆ. ಭಾಯಿ ಕೊಡತಿದ್ರಲ್ಲ, ಆ ಎಣ್ಣಿ ಬೇಕಾಗಿತ್ತು."

"ಅದನ್ನ ಇನ್ನ ಮಾರಂಗಿಲ್ಲ ಕಾಕಾ. ನಿಮಗ ಸಕ್ಕರಿ ಐತೇನು?"

"ಐತಿ ಯವ್ವಾ. ಆದ್ರ ದವಾಖಾನಿಗೆ ಹೋದ್ರ ಬೆರಳು ಕತ್ತರಿಸ್ತಾರ."

"ಕತ್ತರಿಸ್ಲಿ ಬಿಡ್ರಿ. ನಮ್ಮವ್ರು ಹತ್ತೂ ಬೆರಳು ಉಳಿಸ್ಕೊಂಡ ಮಣ್ಣಿಗೆ ಹೋದ್ರು."

ಮುದುಕರು ಬಗ್ಗಿ ಪಾದದ ಬಟ್ಟೆ ಬಿಗಿ ಮಾಡಿಕೊಂಡರು. ಸಿಂಧನೂರಿನಲ್ಲಿ ಅವರ ರಟ್ಟೆ ಹಿಡಿದು ಇಳಿಸಿದೆ. ಪರಿಚಯದ ಆಟೋದವನು, "ಅಂಗಡಿಗೇನ್ರೀ?" ಎಂದ.

"ಸರಕಾರಿ ದವಾಖಾನಿಗೆ," ಎಂದೆ.