ಸುಲ್ತಾನನ ತಾಯತ

ಬೀದರಿನ ಪಶು ಚಿಕಿತ್ಸಾಲಯವೊಂದರಲ್ಲಿ ಯಾವ ಬೆಕ್ಕಿಗೆ ಯಾವ ಊಟ ಎಂದು ತಿಳಿಸಿ ಹೇಳುವುದು ನನ್ನ ಕೆಲಸ. ಮಾತಾಡಲು ನಾಚುವವಳಿಗೆ ಇದೇ ಸಿಗಬೇಕೇ!

ಭಾಲ್ಕಿಯ ಮುದುಕಿಯೊಬ್ಬರು, ನಾವೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಎನ್ನುವವರು, ತಮ್ಮ ಗಂಡುಬೆಕ್ಕು ಸುಲ್ತಾನನನ್ನು ಎರಡನೇ ಸಲ ಹೊತ್ತು ತಂದಿದ್ದರು. ಮತ್ತೆ ಮೂತ್ರ ಕಟ್ಟಿತ್ತು. ಡಾಕ್ಟರು ನಳಿಕೆ ಹಾಕಿ ಬಿಡಿಸಿ, “ಇನ್ನೊಮ್ಮೆ ಹೀಗಾದರೆ ಉಳಿಯೋದು ಕಷ್ಟ” ಎಂದರು.

“ಹೋದ ಸಲ ನಾ ಹೇಳಿದ ಡಬ್ಬಿ ಊಟ ಬಿಟ್ಟು ಬೇರೇನು ಹಾಕಿದಿರಿ?” ಮೆಲ್ಲಗೆ ಕೇಳಿದೆ.

“ನಾ ಏನೂ ಹಾಕಿಲ್ಲ ಬೇಟಾ. ಇವ ಗಲ್ಲ್ಯಾಗ ಏಳು ಮನಿ ಉಣ್ತಾನ. ಯಾರ್ಯಾರಿಗಿ ಹೇಳ್ಲಿ?”

ನನ್ನ ಸೊಟ್ಟ ಅಕ್ಷರದಲ್ಲಿ ಚೀಟಿ ಬರೆದು, ಬೆಕ್ಕಿನ ಕೊರಳಿಗೆ ಕಟ್ಟಲು ಕೊಟ್ಟೆ: ‘ನನಗೆ ಮೂತ್ರದ ಕಾಯಿಲೆ. ಒಣಮೀನು, ಹಾಲು ಬೇಡ. ನೀರು ಸಾಕು.’

ತಿಂಗಳ ನಂತರ ಸುಲ್ತಾನ ದುಂಡಗೆ, ಗುರುಗುಟ್ಟುತ್ತ ಬಂದ. ಕೊರಳಲ್ಲಿ ಬೆಳ್ಳಿಯ ತಾಯತ! ಹರಿದೀತೆಂದು ಖಾಲಾ ಚೀಟಿಯನ್ನು ಅದರೊಳಗೆ ಮುಚ್ಚಿಬಿಟ್ಟಿದ್ದರು.

“ಮತ್ತೆ ಯಾರು ಓದಿದರು ಖಾಲಾ?”

“ಯಾರೂ ಇಲ್ಲ. ತಾಯತ ಯಾಕಂತ ಎಲ್ಲಾರೂ ಕೇಳಿದ್ರು. ಕೇಳ್ದೋರಿಗೆಲ್ಲ ಹೇಳ್ದೆ!”

ಮೊನ್ನೆ ಹಲಬರ್ಗಾದ ಅಜ್ಜರೊಬ್ಬರು ಬುಟ್ಟಿಯಲ್ಲಿ ಬೆಕ್ಕು ತಂದು, “ತಾಯತ ಬರ್ಕೊಡೋ ಅಕ್ಕೋರು ನೀವೇ ಏನ್ರಿ?” ಎಂದರು. ಮೊದಲು ಡಾಕ್ಟರ ಕೋಣೆ ತೋರಿಸಿದೆ. ಆಮೇಲೆ, ಅಲ್ಲವೆನ್ನಲೂ ನಾಚಿಕೆಯಾಗಿ, ಚೀಟಿ ಬರೆಯತೊಡಗಿದೆ.