ತಣ್ಣಗಿನ ಬಾಯ್ಲರಿನ ಮುಂದೆ

ಹೆಂಡತಿ ಜೇವರ್ಗಿ ಕಡೆಯ ಇಜೇರಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ, ನಾನು ಪುಣೆಯ ಕಂಪನಿಯೊಂದರಲ್ಲಿ ಫಿಟ್ಟರ್. ಮದುವೆಯಾದ ಮೇಲೆ ನಮ್ಮ ಸಂಸಾರ ನಡೆದದ್ದು ಬಹುಮಟ್ಟಿಗೆ ಫೋನಿನಲ್ಲಿ. ಹೀಗಿರುವಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಕಾರ್ಖಾನೆ ಮಾಲೀಕರು ಒಂದು ಕೂಟ ಕಟ್ಟಿಕೊಂಡರು. ತಮಗೆ ಬೇಕಾದ ಕೆಲಸಗಾರರನ್ನು ತಾವೇ ತಯಾರು ಮಾಡುತ್ತಾರಂತೆ, ಅದಕ್ಕೆ ಸರ್ಕಾರ ಅನುದಾನ ಕೊಡುತ್ತದಂತೆ, ಕಲಿತವರಿಗೆ ಇಲ್ಲೇ ಕೆಲಸವಂತೆ. ಹೆಂಡತಿಯೊಡನೆ ಒಂದೇ ಮನೆಯಲ್ಲಿ ಇರಬಹುದೆಂಬ ಆಸೆಗೆ ಪುಣೆಯ ಕೆಲಸ ಬಿಟ್ಟು ಬಂದು ಸೇರಿಕೊಂಡೆ.

ಕೂಟ ಎಂದೆ, ಅದು ದೊಡ್ಡ ಮಾತಾಯಿತು. ಯಾವ ತಾಲ್ಲೂಕಿನ ಮಾಲೀಕನಿಗೂ ಮುನಿಸು ಬರಬಾರದೆಂದು ಕಚೇರಿ ಆಳಂದದಲ್ಲಿ, ತರಬೇತಿ ಅಫಜಲಪುರದ ಕಡೆ, ಸಮಾರಂಭ ಜೇವರ್ಗಿಯಲ್ಲಿ ಎಂದು ಹಂಚಿಕೊಂಡಿದ್ದರು. ಸಭೆ ಎಲ್ಲಿ ನಡೆದರೂ ಅವರಿಗೆ ಶೇಂಗಾ ಹೋಳಿಗೆಯ ಊಟ. ತರಬೇತಿಗೆ ಸೇರಿದ ನಮಗೆ ಹಾಸ್ಟೆಲ್ಲಿನಲ್ಲಿ ನೀರಿನಂಥ ಬೇಳೆ, ಅದೂ ತೊಗರಿ ಬೆಳೆಯುವ ನಾಡಿನಲ್ಲಿ! ನೆನೆದರೆ ಈಗಲೂ ಮೈ ಉರಿಯುತ್ತದೆ.

ತರಬೇತಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ನುರಿಸುವ ಚಳಿಗಾಲದಲ್ಲಿ ನಮ್ಮನ್ನು ಕರೆಯಲಿಲ್ಲ. ಆಗ ಅವರಿಗೆ ಪುರುಸೊತ್ತಿರಲಿಲ್ಲವಂತೆ. ಕರೆದದ್ದು ಬೇಸಿಗೆಯಲ್ಲಿ, ಕಾರ್ಖಾನೆ ಬಾಗಿಲು ಹಾಕಿಕೊಂಡು ಮಲಗಿದ್ದಾಗ. ಬಾಯ್ಲರ್ ನಡೆಸುವುದನ್ನು ಕಲಿಸಲು ಬಂದ ತರಬೇತುದಾರ ತಣ್ಣಗಿನ ಬಾಯ್ಲರಿನ ಮುಂದೆ ನಿಂತು, ಒತ್ತಡದ ಮಾಪಕದಲ್ಲಿ ಸೊನ್ನೆಯ ಮೇಲಿದ್ದ ಮುಳ್ಳನ್ನು ತೋರಿಸಿ, “ಈಗ ಇದು ಇಲ್ಲೀತನಕ ಏರ್ಯದ ಅಂತ ತಿಳ್ಕೋರಿ,” ಎಂದ. ತಿಳಿದುಕೊಂಡೆವು. “ಈಗ ಉಗಿ ಬಿಡಾಕತ್ತೇನಿ ಅಂತ ತಿಳ್ಕೋರಿ.” ಅದನ್ನೂ ತಿಳಿದುಕೊಂಡೆವು. ಮೀಸೆ ಹೊತ್ತ ಗಂಡಸರು ಇಲ್ಲದ ಉಗಿಗೆ ಹೆದರಿ ಹಿಂದೆ ಸರಿದೆವು. ಮಕ್ಕಳ ಅಡುಗೆಯಾಟದಲ್ಲಿ ಒಂದಿಷ್ಟು ಮಣ್ಣಾದರೂ ಇರುತ್ತದೆ.

ಜೇವರ್ಗಿಯ ಸಮಾರಂಭಕ್ಕೆ ಹೆಂಡತಿ ರಜೆ ಹಾಕಿ, ಇಳಕಲ್ ಸೀರೆ ಉಟ್ಟು ಬಂದಳು. ಕೂಟದ ಅಧ್ಯಕ್ಷ, ಅದೇ ಸಕ್ಕರೆ ಕಾರ್ಖಾನೆಯ ಮಾಲೀಕ, ನಮಗೆಲ್ಲ ನೌಕರಿ ಸಿಕ್ಕಿದೆಯೆಂದು ವೇದಿಕೆಯಿಂದ ಸಾರಿದ. ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ನೌಕರಿಯ ಊರು ಹೇಳಿದರು: ಪುಣೆ. ನಮ್ಮನ್ನು ಒಯ್ಯುವ ಬಸ್ಸು ಹಾರ ಹಾಕಿಸಿಕೊಂಡು ಹೊರಗೇ ನಿಂತಿತ್ತು.

ನಾನು ವೇದಿಕೆಯ ಹತ್ತಿರ ಹೋಗಿ ಕೇಳಿದೆ: “ಸಾಹೇಬ್ರ, ನಿಮ್ಮ ಕಾರ್ಖಾನ್ಯಾಗ ನೌಕರಿ ಕೊಡ್ತೇವಿ ಅಂದಿದ್ರಲ್ರಿ?”

“ನಮ್ಮಲ್ಲಿಗೆ ಸೊಲ್ಲಾಪುರ ಕಡಿಂದ ಮಂದಿ ಬರ್ತಾರಪಾ. ನೀವು ಓಡೋ ಮಷಿನ್ ಮ್ಯಾಲ ಎಲ್ಲಿ ಕೆಲಸ ಮಾಡೀರಿ?” ಎಂದು ಹಲ್ಲು ಕಿಸಿದ. ಓಡುವ ಯಂತ್ರದ ಹತ್ತಿರ ನಮ್ಮನ್ನು ಬಿಟ್ಟುಕೊಳ್ಳದವನೇ ಅವನು! ಅಷ್ಟು ನಾಚಿಕೆಗೆಟ್ಟ ನಗುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ಸಿಗೆ ಹಸಿರು ಬಾವುಟ ಬೀಸಿ, ಫೋಟೊ ತೆಗೆಸಿಕೊಂಡು ಅವರೆಲ್ಲ ಊಟಕ್ಕೆ ಹೋದರು.

ಕೈಯಲ್ಲಿದ್ದ ಕೆಲಸ ಬಿಟ್ಟು ಬಂದವನು ನಾನು. ಬಸ್ಸು ಹತ್ತಿದೆ. ಹೆಂಡತಿ ಕಿಟಕಿಯ ಹತ್ತಿರ ಬಂದಳು.

“ಇನ್ನ ಮ್ಯಾಲ ಇಲ್ಲೇ ಇರ್ತೀರಂತ ಸಾಲ್ಯಾಗ ಎಲ್ಲರಿಗೂ ಹೇಳೀನ್ರಿ,” ಎಂದಳು. ಬಸ್ಸು ಹೊರಡುವಾಗ, “ಹಬ್ಬಕ್ಕರ ಬರ್ತೀರೇನು?” ಎಂದು ಕೇಳಿದಳು.

ಹೊಸ ಕಂಪನಿ ಹಬ್ಬಕ್ಕೆ ರಜೆ ಕೊಡುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.